ಓವರ್‌ಟೈಮೋ, ಜಾಬ್ ವರ್ಕೋ, ಹೊಸ ಯಂತ್ರವೋ: ಕರಾವಳಿಯ ವರ್ಕ್‌ಶಾಪ್‌ಗಳಿಗೆ ಒಂದು ಹೋಲಿಕೆ

ಜುಲೈ ಮೂರನೆಯ ವಾರದಲ್ಲಿ ಮಂಗಳೂರು ಬಳಿಯ ಬೈಕಂಪಾಡಿಯ ನಮ್ಮ ವರ್ಕ್‌ಶಾಪ್‌ನ ಬಾಗಿಲಲ್ಲೇ ದೋಣಿಗಳ ವಿಂಚ್ ಶಾಫ್ಟ್‌ಗಳು, ಪ್ರೊಪೆಲರ್ ಶಾಫ್ಟ್‌ಗಳು ಗೋಡೆಗೆ ಒರಗಿ ನಿಂತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಂಗಳೂರಿನ ದಕ್ಕೆಯಲ್ಲೂ ಮಲ್ಪೆಯಲ್ಲೂ ನಿಂತ ದೋಣಿಗಳ ದುರಸ್ತಿ ಕೆಲಸ ಮೊದಲ ತಿಂಗಳು ಮೆಲ್ಲಗೆ ಬರುತ್ತದೆ, ಕೊನೆಯ ಹದಿನೈದು ದಿನ ಒಮ್ಮೆಲೇ ನುಗ್ಗುತ್ತದೆ. ಹಾಗೆಂದು ಪಂಪ್ ತಯಾರಕರ ತಿಂಗಳ ಶೆಡ್ಯೂಲ್ ನಿಲ್ಲುವುದಿಲ್ಲ. ಗೇರುಬೀಜ ಕಾರ್ಖಾನೆಯವರ ಬಿಡಿಭಾಗಗಳಿಗೂ ಅದೇ ವಾರ ಅವಸರ.

ಇಂಥ ಹೊತ್ತಿನಲ್ಲಿ ಮಾಲೀಕನ ಮನಸ್ಸಿಗೆ ಮೊದಲು ಬರುವ ಮಾತು ‘ಇನ್ನೊಂದು ಯಂತ್ರ ಬೇಕು’ ಎಂಬುದು. ಬಹಳ ವರ್ಷಗಳಿಂದ ಹನ್ನೊಂದು ಯಂತ್ರಗಳ ಒಂದು ಶಾಪ್‌ನ ಉತ್ಪಾದನಾ ಯೋಜನೆ ನೋಡಿಕೊಳ್ಳುತ್ತಿರುವ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಒಬ್ಬ ಗಿರಾಕಿಯಿಂದ ಮೂರು ತಿಂಗಳು ಸತತವಾಗಿ ದೊಡ್ಡ ಆರ್ಡರ್ ಬಂದದ್ದನ್ನು ನಂಬಿ ನಾವು ಎರಡನೆಯ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ) ಕೊಂಡೆವು. ಅದನ್ನು ನೆಲಕ್ಕೆ ಕೂರಿಸಿ ಆರು ತಿಂಗಳೊಳಗೆ ಆ ಭಾಗದ ವಿನ್ಯಾಸವೇ ಬದಲಾಯಿತು, ಆರ್ಡರ್ ನಿಂತಿತು. ಸಾಲದ ಕಂತು ಮಾತ್ರ ಐದು ವರ್ಷ ನಿಲ್ಲಲಿಲ್ಲ. ಆ ಕಂತು ಕಟ್ಟುತ್ತಾ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರೆ ಎಷ್ಟು ದೊಡ್ಡದು ಎಂದು ಕೇಳುವ ಮೊದಲು ಎಷ್ಟು ಕಾಲ ಇರುತ್ತದೆ ಎಂದು ಕೇಳಬೇಕು. ಕೆಲವು ಹೊರೆ ಅಲೆಯಂತೆ: ಬಂದು ಎರಡು ವಾರದಲ್ಲಿ ಹೋಗುತ್ತದೆ. ಕೆಲವು ಮಳೆಗಾಲದಂತೆ: ಪ್ರತಿವರ್ಷ ಅದೇ ಹೊತ್ತಿಗೆ ಬರುತ್ತದೆ, ಅದೇ ಹೊತ್ತಿಗೆ ಮುಗಿಯುತ್ತದೆ. ಅಪರೂಪಕ್ಕೆ ಅಳಿವೆಯೇ ಜಾಗ ಬದಲಿಸಿದಂತೆ ಬೇಡಿಕೆ ಶಾಶ್ವತವಾಗಿ ನಮ್ಮ ಕಡೆ ತಿರುಗುತ್ತದೆ. ಯಂತ್ರ ಕೊಳ್ಳುವುದು ಈ ಮೂರನೆಯದಕ್ಕೆ ಮಾತ್ರ ಸರಿ. ಉಳಿದ ಎರಡಕ್ಕೆ, ಹೊರೆ ಇಳಿದಾಗ ನಾವೂ ಇಳಿಸಬಹುದಾದ ಉಪಾಯವನ್ನೇ ಆರಿಸಬೇಕು.

ಈಗ ನಿಜವಾಗಿ ಎಷ್ಟಿದೆ?

ಒಂದು ವಾರ ಪ್ರತಿ ಯಂತ್ರದ ಪಕ್ಕ ಒಂದು ಹಾಳೆ ಅಂಟಿಸಿ. ಯಂತ್ರ ಲೋಹ ಕತ್ತರಿಸಿದ ಸಮಯ, ಸೆಟ್ಟಿಂಗ್‌ಗೆ (ಮುಂದಿನ ಕೆಲಸಕ್ಕೆ ಯಂತ್ರವನ್ನು ಅಣಿಮಾಡಲು) ಹೋದ ಸಮಯ, ಕಚ್ಚಾ ಮಾಲಿಗಾಗಿ ಅಥವಾ ಡ್ರಾಯಿಂಗ್‌ಗಾಗಿ ಕಾದ ಸಮಯ, ಕರೆಂಟ್ ಇಲ್ಲದ ಸಮಯ ಎಲ್ಲವನ್ನೂ ಆಪರೇಟರ್ ಕೈಯಲ್ಲೇ ಬರೆಸಿ. ಯಂತ್ರ 80 ಶೇಕಡಾ ಸಮಯ ಓಡಿತು, ನಿಗದಿಯ ವೇಗದ 90 ಶೇಕಡಾದಲ್ಲಿ ಓಡಿತು, ತುಂಡುಗಳಲ್ಲಿ 95 ಶೇಕಡಾ ಸರಿಯಾಗಿ ಬಂದವು ಎಂದುಕೊಳ್ಳಿ. ಮೂರೂ ಕೇಳಲು ಚೆನ್ನಾಗಿವೆ. ಗುಣಿಸಿದರೆ ಸಿಗುವುದು 68.4 ಶೇಕಡಾ, ಅಂದರೆ ಎಂಟು ಗಂಟೆಯ ಶಿಫ್ಟ್‌ನಲ್ಲಿ ಐದೂವರೆ ಗಂಟೆಯೂ ಇಲ್ಲ.

ಎರಡನೆಯ ಲೆಕ್ಕ ಕಾಯುವಿಕೆಯದು. ಕೆಲಸಗಳು ಹೇಳಿಕೇಳಿ ಬರದೆ, ಒಂದೊಂದಕ್ಕೆ ಒಂದೊಂದು ಅವಧಿ ಹಿಡಿಯುವ ಶಾಪ್‌ನಲ್ಲಿ ಒಂದು ಯಂತ್ರದ ಮುಂದಿನ ಸರತಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಸರಳ ಸೂತ್ರವಿದೆ: ಹೊರೆಯನ್ನು ಉಳಿದ ಬಿಡುವಿನಿಂದ ಭಾಗಿಸಿ. 80 ಶೇಕಡಾ ತುಂಬಿದ ಯಂತ್ರದಲ್ಲಿ 80ನ್ನು 20ರಿಂದ ಭಾಗಿಸಿದರೆ 4. ಸರಾಸರಿ ಒಂದು ದಿನದ ಕೆಲಸ ನಾಲ್ಕು ದಿನ ಕಾಯುತ್ತದೆ. 90 ತುಂಬಿದರೆ ಒಂಬತ್ತು ದಿನ. 95 ತುಂಬಿದರೆ ಹತ್ತೊಂಬತ್ತು ದಿನ. ಯಂತ್ರ ಸದಾ ಓಡುತ್ತಿರುವುದೇ ಲಾಭ ಎಂದು ನಂಬಿದವರು ಈ ಲೆಕ್ಕವನ್ನು ತಮ್ಮ ಕೈಯಾರೆ ಒಮ್ಮೆ ಮಾಡಿ ನೋಡಬೇಕೆಂದು ನನ್ನ ಕಳಕಳಿಯ ವಿನಂತಿ. ಹಲವು ಬಗೆಯ ಭಾಗ ಮಾಡುವ ಶಾಪ್‌ಗೆ ಬಿಡುವು ಎಂಬುದು ದಂಡವಲ್ಲ. ಆ ಬಿಡುವು ಇದ್ದರೆ ಮಾತ್ರ ಹೇಳಿದ ದಿನಕ್ಕೆ ಮಾಲು ಕೊಡಲು ಸಾಧ್ಯ. ಎಲ್ಲ ಕೆಲಸವೂ ಬಂದು ಕಾಯುವ ಆ ಒಂದು ಯಂತ್ರಕ್ಕೆ ನಾನು 80–85 ಶೇಕಡಾಕ್ಕಿಂತ ಹೆಚ್ಚು ಯೋಜಿಸುವುದಿಲ್ಲ.

‘ಆ ಒಂದು ಯಂತ್ರ’ ಎಂದೆ. ಪ್ರತಿ ಶಾಪ್‌ನಲ್ಲೂ ಅಂಥದ್ದೊಂದು ಇರುತ್ತದೆ. ನಮ್ಮಲ್ಲಿ ಅದು ವಿಎಂಸಿ. ಪಕ್ಕದ ಶೆಡ್‌ನಲ್ಲಿ ಸಿಲಿಂಡ್ರಿಕಲ್ ಗ್ರೈಂಡಿಂಗ್. ಅರ್ಧ ಮುಗಿದ ತುಂಡುಗಳ ಟ್ರೇಗಳು ಯಾವ ಯಂತ್ರದ ಮುಂದೆ ರಾಶಿ ಬಿದ್ದಿವೆ ಎಂದು ನೋಡಿದರೆ ಗೊತ್ತಾಗುತ್ತದೆ. ಮುಂದೆ ಹೇಳುವ ಎಲ್ಲ ಉಪಾಯಗಳೂ ಆ ಯಂತ್ರಕ್ಕೇ. ಬೇರೆ ಯಂತ್ರದಲ್ಲಿ ಉಳಿಸಿದ ಗಂಟೆ ಇನ್ನಷ್ಟು ಟ್ರೇಗಳನ್ನು ಅದೇ ರಾಶಿಗೆ ಸೇರಿಸುತ್ತದೆ, ಅಷ್ಟೆ.

ಸೆಟ್ಟಿಂಗ್‌ನಲ್ಲಿ ಅಡಗಿದ ಯಂತ್ರ

ಎರಡು ಶಿಫ್ಟ್ ಎಂದರೆ 960 ನಿಮಿಷ. ದಿನಕ್ಕೆ ನಾಲ್ಕು ಬಾರಿ ಕೆಲಸ ಬದಲಾಗುತ್ತದೆ, ಪ್ರತಿ ಬದಲಾವಣೆಗೆ 90 ನಿಮಿಷ ಎಂದು ಹಿಡಿಯಿರಿ. 360 ನಿಮಿಷ ಅಲ್ಲಿಯೇ ಹೋಯಿತು. ಅದನ್ನು 30 ನಿಮಿಷಕ್ಕೆ ಇಳಿಸಿದರೆ ಹೋಗುವುದು 120. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 25 ಕೆಲಸದ ದಿನವೆಂದರೆ 100 ಗಂಟೆ, ಒಂದು ಕಂತೂ ಕಟ್ಟದೆ ಸಿಕ್ಕಿತು.

ಇದು ಆಗದ ಮಾತು ಎನ್ನುವವರಿಗೆ ಜಪಾನಿನ ಶಿಗಿಯೊ ಶಿಂಗೊ ಅವರ ಕೆಲಸವನ್ನು ನೆನಪಿಸುತ್ತೇನೆ. 1950ರಲ್ಲಿ ಹಿರೋಶಿಮಾದ ಮಜ್ದಾ ಕಾರ್ಖಾನೆಯಲ್ಲಿ ಪ್ರೆಸ್‌ನ ಡೈ (ಅಚ್ಚು) ಬದಲಾಯಿಸುವಾಗ ಕೆಲಸಗಾರನೊಬ್ಬ ಕಾಣೆಯಾದ ಬೋಲ್ಟ್ ಹುಡುಕುತ್ತಾ ಅಲೆಯುವುದನ್ನು ಅವರು ಕಂಡರು. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುತ್ತಿರುವಾಗಲೇ ಮುಗಿಸಿಡಬಹುದಾದದ್ದು ಯಾವುದು ಎಂದು ಬೇರ್ಪಡಿಸುವ ವಿಚಾರ ಅಲ್ಲಿ ಹುಟ್ಟಿತು. ಸುಮಾರು ಎರಡು ದಶಕಗಳ ಬಳಿಕ ಟೊಯೊಟಾದಲ್ಲಿ 1,000 ಟನ್ ಪ್ರೆಸ್‌ನ ಡೈ ಬದಲಾವಣೆ ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ, ಆಮೇಲೆ ಮೂರು ನಿಮಿಷಕ್ಕೆ ಇಳಿಯಿತು.

ನಮ್ಮ ಶಾಪ್‌ನಲ್ಲೂ ಬೋಲ್ಟ್ ಹುಡುಕುವುದೇ ದೊಡ್ಡ ಭಾಗವಾಗಿತ್ತು. ಈಗ ಮುಂದಿನ ಕೆಲಸದ ಡ್ರಾಯಿಂಗ್, ಸಾಫ್ಟ್ ಜಾ, ಇನ್ಸರ್ಟ್ (ಸವೆದಾಗ ಬದಲಿಸುವ ಕತ್ತರಿಸುವ ಅಲಗು), ಗೇಜ್, ಅಲೆನ್ ಕೀ ಎಲ್ಲ ಒಂದು ಟ್ರಾಲಿಯಲ್ಲಿ ಹಿಂದಿನ ಕೆಲಸ ಮುಗಿಯುವ ಮೊದಲೇ ಯಂತ್ರದ ಪಕ್ಕ ಬಂದು ನಿಲ್ಲುತ್ತವೆ. ಹೆಚ್ಚು ಬಳಸುವ ಹನ್ನೆರಡು ಟೂಲ್‌ಗಳು ಯಂತ್ರದ ಮ್ಯಾಗಜಿನ್‌ನಲ್ಲಿ (ಟೂಲ್ ಜೋಡಿಸಿಡುವ ಗೂಡಿನಲ್ಲಿ) ತಮ್ಮ ಸ್ಥಾನ ಬದಲಿಸುವುದೇ ಇಲ್ಲ. ತುಂಡನ್ನು ಹಿಡಿದಿಡುವ ಎಲ್ಲ ಫಿಕ್ಚರ್‌ಗಳೂ ಒಂದೇ ಅಳತೆಯ ತಳದ ಪ್ಲೇಟ್ ಮೇಲೆ ಕೂರುತ್ತವೆ, ಹಾಗಾಗಿ ಪ್ರತಿ ಬಾರಿ ಡಯಲ್ ಹಿಡಿದು ನೇರ ನೋಡುವ ಶ್ರಮವಿಲ್ಲ. ಒಂದೇ ವ್ಯಾಸದ, ಒಂದೇ ಲೋಹದ ಕೆಲಸಗಳನ್ನು ಒಂದರ ಹಿಂದೆ ಒಂದು ಹಾಕುತ್ತೇವೆ. ಇದಕ್ಕೆಲ್ಲ ಆದ ಖರ್ಚು ಹೊಸ ಯಂತ್ರದ ಒಂದೆರಡು ಕಂತಿನಷ್ಟು. ಹಿಡಿದದ್ದು ಎಂಟು ತಿಂಗಳ ತಾಳ್ಮೆ, ಮತ್ತು ಹಳೆಯ ಸೆಟ್ಟರ್‌ಗಳ ಮನಸ್ಸು ಒಲಿಸುವ ಕೆಲಸ.

ತುಂಡನ್ನು ಯಂತ್ರದ ಹೊರಗೇ ಪ್ಯಾಲೆಟ್‌ಗೆ (ಕಳಚಿ ಕೂರಿಸುವ ಹಲಗೆಗೆ) ಬಿಗಿದು ಸಿದ್ಧವಿಡುವ ಯೋಚನೆ ನಮ್ಯ ಉತ್ಪಾದನೆಯ, ಅಂದರೆ ಬೇಡಿಕೆಗೆ ತಕ್ಕಂತೆ ಬಾಗುವ ಉತ್ಪಾದನೆಯ, ಚರಿತ್ರೆಯ ಮೊದಲ ಪುಟದಲ್ಲೇ ಇದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಮೊಲಿನ್ಸ್ ಕಂಪನಿಯಲ್ಲಿ ಥಿಯೋ ವಿಲಿಯಮ್ಸನ್ ರೂಪಿಸಿದ ‘ಸಿಸ್ಟಮ್ 24’ರ ಉದ್ದೇಶವೇ ಹಗಲು ಪ್ಯಾಲೆಟ್ ತುಂಬಿಸಿಟ್ಟು ಯಂತ್ರಗಳನ್ನು ರಾತ್ರಿಯೂ ಓಡಿಸುವುದಾಗಿತ್ತು. ನಮ್ಮ ಅಳತೆಗೆ ಎರಡನೆಯ ಒಂದು ಜೊತೆ ವೈಸ್ ಸಾಕು. ವಿಎಂಸಿಗೆ ತುಂಡನ್ನು ತಿರುಗಿಸುವ ನಾಲ್ಕನೆಯ ಅಕ್ಷದ ರೋಟರಿ ಟೇಬಲ್, ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ಗೆ ಸರಳನ್ನು ತಾನೇ ಒದಗಿಸುವ ಬಾರ್ ಫೀಡರ್ ಸೇರಿಸುವುದೂ ಇದೇ ಸಾಲಿನ ಉಪಾಯಗಳು: ಯಂತ್ರದ ಸಂಖ್ಯೆ ಹೆಚ್ಚಿಸದೆ ಅದರ ಗಂಟೆಗಳನ್ನು ಹೆಚ್ಚಿಸುತ್ತವೆ.

ಕೈಗಳ ಸರಪಳಿ

ಯಂತ್ರವಿದ್ದೂ ಆಪರೇಟರ್ ಇಲ್ಲದೆ ನಿಂತ ಗಂಟೆಗಳನ್ನು ಎಣಿಸಿದ್ದೀರಾ? ನಮ್ಮೂರಿನ ಹುಡುಗರ ರಜೆ ನವೆಂಬರ್–ಡಿಸೆಂಬರ್‌ನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಒಂದರ ಮೇಲೊಂದು ಬರುತ್ತದೆ: ನೇಮ, ಕೋಲ, ಬ್ರಹ್ಮಕಲಶ, ಮದುವೆ. ಬಿಹಾರ, ಜಾರ್ಖಂಡ್ ಕಡೆಯವರು ಹೋಳಿ, ಛಠ್ ಹಬ್ಬಗಳಿಗೆ ಊರಿಗೆ ಹೋಗುತ್ತಾರೆ. ತುಳುವರ ಆಟಿ ತಿಂಗಳಲ್ಲಿ ಮಾತ್ರ ಶುಭಕಾರ್ಯಗಳಿಲ್ಲ, ಸ್ಥಳೀಯರೆಲ್ಲ ಕೆಲಸದಲ್ಲಿರುತ್ತಾರೆ. ಆಟಿ ಶುರುವಾಗುವುದು ಜುಲೈ ಮಧ್ಯಕ್ಕೆ, ದೋಣಿ ಕೆಲಸ ನುಗ್ಗುವುದೂ ಆಗಲೇ. ಈ ಒದಗಿಬಂದ ಅನುಕೂಲವನ್ನು ರಜೆಯ ಪಟ್ಟಿ ಮಾಡುವಾಗ ನೆನಪಿಟ್ಟವರು ಕಡಿಮೆ.

ಎಲ್ಲರಿಗೂ ಎಲ್ಲ ಯಂತ್ರ ಕಲಿಸುವುದು ದುಬಾರಿ, ಕಲಿತದ್ದೂ ನಿಲ್ಲುವುದಿಲ್ಲ. ಅದರ ಅಗತ್ಯವೂ ಇಲ್ಲ. ಜನರಲ್ ಮೋಟರ್ಸ್‌ನ ವಿಲಿಯಂ ಜೋರ್ಡನ್ ಮತ್ತು ಎಂಐಟಿಯ ಸ್ಟೀಫನ್ ಗ್ರೇವ್ಸ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಕಾರು ಕಾರ್ಖಾನೆಗಳ ಕುರಿತಾದದ್ದು. ಪ್ರತಿ ಕಾರ್ಖಾನೆಯೂ ಎಲ್ಲ ಮಾದರಿ ಮಾಡುವಂತಿರಬೇಕಿಲ್ಲ. ಪ್ರತಿಯೊಂದೂ ಎರಡೆರಡು ಮಾದರಿ ಮಾಡುವಂತಿದ್ದು, ಅವೆಲ್ಲ ಕೊಂಡಿ ಕೊಂಡಿಯಾಗಿ ಒಂದೇ ಸರಪಳಿಯಾದರೆ, ಪೂರ್ಣ ನಮ್ಯತೆಯ ಬಹುಪಾಲು ಲಾಭ ಸಿಗುತ್ತದೆ ಎಂದು ಅವರು ತೋರಿಸಿದರು. ಇದನ್ನು ಐದು ಜನರ ಶಾಪ್‌ಗೆ ಹೀಗೆ ಇಳಿಸಬಹುದು: ಲೇತ್‌ನವನು ಸಿಎನ್‌ಸಿ ಕಲಿಯಲಿ, ಸಿಎನ್‌ಸಿಯವನು ವಿಎಂಸಿ, ವಿಎಂಸಿಯವನು ಗ್ರೈಂಡಿಂಗ್, ಗ್ರೈಂಡಿಂಗ್‌ನವನು ಸ್ಲಾಟಿಂಗ್, ಸ್ಲಾಟಿಂಗ್‌ನವನು ಲೇತ್. ಕೊನೆಯ ಕೊಂಡಿ ಮೊದಲನೆಯದಕ್ಕೆ ಸೇರಬೇಕು, ಅದೇ ಮುಖ್ಯ. ಇಬ್ಬಿಬ್ಬರು ತಮ್ಮತಮ್ಮಲ್ಲೇ ಅದಲುಬದಲಾದರೆ ಸರಪಳಿಯಾಗುವುದಿಲ್ಲ. ಎರಡನೆಯ ಕೆಲಸ ಕಲಿತವನಿಗೆ ಸಂಬಳದಲ್ಲಿ ಅದು ಕಾಣಬೇಕು. ಇಲ್ಲದಿದ್ದರೆ ಕಲಿತವನು ಪಕ್ಕದ ಶೆಡ್‌ಗೆ ಹೋಗುತ್ತಾನೆ, ಅವನ ತಪ್ಪೂ ಅಲ್ಲ.

ಓವರ್‌ಟೈಮ್, ಎರಡನೆಯ ಶಿಫ್ಟ್, ಜಾಬ್ ವರ್ಕ್

ಇಲ್ಲಿ ಅಂಕಿ ಇಲ್ಲದೆ ಮಾತನಾಡಬಾರದು. ಇವು ಲೆಕ್ಕಕ್ಕೆಂದು ಹಿಡಿದ ಅಂಕಿಗಳು, ನಿಮ್ಮವನ್ನು ಹಾಕಿಕೊಳ್ಳಿ. ಆಪರೇಟರ್‌ನ ತಿಂಗಳ ವೆಚ್ಚ 25,000 ರೂಪಾಯಿ, ತಿಂಗಳಿಗೆ 200 ಗಂಟೆ ಹಾಜರಿ, ಅದರಲ್ಲಿ ಯಂತ್ರ ನಿಜವಾಗಿ ಕತ್ತರಿಸುವುದು 150 ಗಂಟೆ. ವಿದ್ಯುತ್, ಇನ್ಸರ್ಟ್, ಕೂಲೆಂಟ್ ಸೇರಿ ಕತ್ತರಿಸುವ ಗಂಟೆಗೆ 150 ರೂಪಾಯಿ. ಜಾಬ್ ವರ್ಕ್, ಅಂದರೆ ನಮ್ಮ ಕೆಲಸವನ್ನು ಹೊರಗಿನ ಶಾಪ್‌ಗೆ ಕೂಲಿಗೆ ಕೊಟ್ಟು ಮಾಡಿಸುವುದರ ದರ ಗಂಟೆಗೆ 600.

ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ಎರಡು ಪಟ್ಟು ಕೂಲಿ. ಹಾಜರಿಯ ಗಂಟೆಗೆ 125ರ ಬದಲು 250, ಕತ್ತರಿಸುವ ಗಂಟೆಗೆ ಹರಡಿದರೆ 333, ಅದಕ್ಕೆ 150 ಸೇರಿಸಿದರೆ ಸುಮಾರು 480 ರೂಪಾಯಿ. ಎರಡು ಪಟ್ಟು ಎಂದ ಕೂಡಲೇ ಹೆದರುವವರು ಗಮನಿಸಬೇಕು: ಇದು ಜಾಬ್ ವರ್ಕ್‌ಗಿಂತ ಅಗ್ಗ. ಯಂತ್ರದ ಕಂತು ಹೇಗೂ ಹಗಲಿನ ಲೆಕ್ಕದಲ್ಲಿ ಹೋಗಿದೆ. ಆದರೆ ಓವರ್‌ಟೈಮ್‌ಗೆ ಕಾನೂನಿನ ಮಿತಿಯೂ ಇದೆ, ಮನುಷ್ಯನ ಮೈಯ ಮಿತಿಯೂ ಇದೆ. ನಮ್ಮಲ್ಲಿ ಮೂರನೆಯ ವಾರಕ್ಕೆ ತಪ್ಪು ಅಳತೆಯ ತುಂಡುಗಳು ಹೆಚ್ಚುವುದನ್ನು ಸ್ಪಷ್ಟವಾಗಿ ಕಂಡಿದ್ದೇನೆ. ಆದ್ದರಿಂದ ಒಬ್ಬ ಆಪರೇಟರ್‌ಗೆ ತಿಂಗಳಿಗೆ 40 ಗಂಟೆ, ಅಂದರೆ ಕತ್ತರಿಸುವ 30 ಗಂಟೆ, ಅದೂ ಹೆಚ್ಚೆಂದರೆ ಎರಡು ತಿಂಗಳು ಎಂದು ಗೆರೆ ಎಳೆದಿದ್ದೇನೆ. ಅಲೆಯ ಹೊರೆಗೆ ಇದು ಸಾಕು.

ಎರಡನೆಯ ಶಿಫ್ಟ್ ಪೂರ್ತಿ ತುಂಬಿದರೆ 25,000ವನ್ನು 150 ಗಂಟೆಗೆ ಹಂಚಿ, ವಿದ್ಯುತ್ ಮುಂತಾದವುಗಳ 150 ಸೇರಿಸಿದರೆ, ಗಂಟೆಗೆ ಸುಮಾರು 317 ರೂಪಾಯಿ. ಎಲ್ಲಕ್ಕಿಂತ ಅಗ್ಗ. ತುಂಬದಿದ್ದರೆ? ಜಾಬ್ ವರ್ಕ್ ದರ 600ಕ್ಕೂ ವಿದ್ಯುತ್, ಇನ್ಸರ್ಟ್‌ಗಳ ನಮ್ಮ ಖರ್ಚು 150ಕ್ಕೂ ವ್ಯತ್ಯಾಸ 450. 25,000ವನ್ನು 450ರಿಂದ ಭಾಗಿಸಿದರೆ 56 ಗಂಟೆ. ತಿಂಗಳಿಗೆ ಹೆಚ್ಚುವರಿ ಕೆಲಸ 56 ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಕೊಡುವುದೇ ಲೇಸು. ಅದಕ್ಕಿಂತ ಹೆಚ್ಚು ಕೆಲಸ ತಿಂಗಳುಗಟ್ಟಲೆ ನಿಲ್ಲುವಂತಿದ್ದರೆ ಶಿಫ್ಟ್ ಶುರು ಮಾಡಬಹುದು. ಶಿಫ್ಟ್‌ನ ಇನ್ನೊಂದು ಗುಣವೆಂದರೆ ಅದು ವಿದ್ಯುತ್ ಕಂಪನಿ ಮೆಸ್ಕಾಂನಿಂದ ಮಂಜೂರಾದ ಲೋಡ್ ಹೆಚ್ಚಿಸಲು ಕೇಳುವುದಿಲ್ಲ, ಬಿಲ್ಲಿನ ನಿಗದಿತ ಶುಲ್ಕ ಹೆಚ್ಚು ಗಂಟೆಗೆ ಹಂಚಿಹೋಗುತ್ತದೆ. ಆದರೆ ರಾತ್ರಿ ಹತ್ತೂವರೆಗೆ ಬಿಡುವ ಶಿಫ್ಟ್‌ನವರಿಗೆ ಮೂಡುಬಿದಿರೆ, ಕಿನ್ನಿಗೋಳಿ ಕಡೆಗೆ ಬಸ್ ಹೇಗೆ? ರಾತ್ರಿ ಮೊದಲ ತುಂಡನ್ನು ಅಳೆದು ಒಪ್ಪುವವರು ಯಾರು? ಈ ಎರಡು ಪ್ರಶ್ನೆಗೆ ಉತ್ತರವಿಲ್ಲದೆ ಶಿಫ್ಟ್ ಶುರು ಮಾಡಬೇಡಿ.

ಜಾಬ್ ವರ್ಕ್‌ನ ದೊಡ್ಡ ಬಲ ಬೇಡವಾದಾಗ ನಿಲ್ಲಿಸಬಹುದು ಎಂಬುದು. ದುರ್ಬಲತೆ ಏನೆಂದರೆ, ಹೊರೆ ನಮಗೆ ಬಂದ ವಾರವೇ ಯೆಯ್ಯಾಡಿಯವರಿಗೂ, ಶಿವಳ್ಳಿ ಕೈಗಾರಿಕಾ ಪ್ರದೇಶದವರಿಗೂ ಬಂದಿರುತ್ತದೆ. ಆದ್ದರಿಂದ ಜುಲೈನಲ್ಲಿ ನಾವು ದೋಣಿ ಶಾಫ್ಟ್‌ಗಳನ್ನು ಹೊರಗೆ ಕೊಡುವುದಿಲ್ಲ. ಅಳತೆ ಗೊತ್ತಿರುವ, ಪ್ರತಿ ತಿಂಗಳು ಬರುವ ಪಂಪ್ ಬುಷ್‌ಗಳನ್ನು ಮೇ ತಿಂಗಳಿನಿಂದಲೇ ಹೊರಗೆ ಕಳಿಸಿ, ಅವಸರದ ದುರಸ್ತಿಗೆ ನಮ್ಮ ಯಂತ್ರ ಖಾಲಿ ಮಾಡಿಕೊಳ್ಳುತ್ತೇವೆ. ಈ ಅದಲುಬದಲು ನಮಗೆ ಬಹಳ ಉಪಕಾರ ಮಾಡಿದೆ. ಘಟ್ಟದ ಮೇಲೆ ಕಳಿಸುವವರು ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2018ರಲ್ಲೂ 2024ರಲ್ಲೂ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ: ಜಿಎಸ್‌ಟಿ ಕಾನೂನಿನ ಪ್ರಕಾರ ಜಾಬ್ ವರ್ಕ್‌ಗೆ ಚಲನ್ ಮೇಲೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ಹಿಂದಿರುಗಬೇಕು. ಜಿಗ್, ಫಿಕ್ಚರ್, ಅಚ್ಚುಗಳಿಗೆ ಆ ಗಡುವಿಲ್ಲ. ನೋಂದಾಯಿತ ಸಣ್ಣ ಘಟಕಕ್ಕೆ 45 ದಿನ ಮೀರದಂತೆ ಹಣ ಕೊಡಬೇಕೆಂಬುದು 2006ರ ಎಂಎಸ್‌ಎಂಇ ಕಾಯ್ದೆಯ ನಿಯಮ. ನಮ್ಮ ಗಿರಾಕಿಗೆ ಅದನ್ನು ನೆನಪಿಸುವ ನಾವು ನಮ್ಮ ಜಾಬ್ ವರ್ಕ್‌ನವರಿಗೆ ತಡಮಾಡಬಾರದು. ಜುಲೈನಲ್ಲಿ ಅವರು ಯಾರ ಕೆಲಸ ಮೊದಲು ಹಿಡಿಯುತ್ತಾರೆ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಮೊದಲೇ ಮಾಡಿಟ್ಟುಕೊಳ್ಳುವುದು ಇನ್ನೊಂದು ದಾರಿ. ಮಳೆಗಾಲದಂತೆ ಮರಳಿ ಬರುವ ಹೊರೆಗೆ, ಅಳತೆ ಬದಲಾಗದ ಭಾಗಗಳಿಗೆ ಮಾತ್ರ ಇದು ಒಳ್ಳೆಯದು.

ಹೊಸ ಯಂತ್ರ

ಅದೇ ಅಂಕಿಗಳಲ್ಲಿ ನೋಡೋಣ. 35 ಲಕ್ಷದ ವಿಎಂಸಿ, 10 ಶೇಕಡಾ ಬಡ್ಡಿ, ಐದು ವರ್ಷ. ಕಂತು ಸುಮಾರು 74,400, ಲೆಕ್ಕಕ್ಕೆ 75,000 ಎನ್ನೋಣ. ಆಪರೇಟರ್ ಸೇರಿ ಒಂದು ಲಕ್ಷ. ಜಾಬ್ ವರ್ಕ್‌ನಲ್ಲಿ ಉಳಿಯುವ 450ರಿಂದ ಭಾಗಿಸಿದರೆ ತಿಂಗಳಿಗೆ 222 ಗಂಟೆ ಕತ್ತರಿಸಬೇಕು. ಒಂದು ಶಿಫ್ಟ್‌ನಲ್ಲಿ ಸಿಗುವುದೇ 150. ಎರಡನೆಯ ಆಪರೇಟರ್ ಸೇರಿಸಿದರೆ 1,25,000, ಅಂದರೆ 278 ಗಂಟೆ. ಸಿಗುವುದು 300. ಸರಿಹೋಯಿತಲ್ಲ ಎನ್ನಿಸಬಹುದು. ಆದರೆ 300ರಲ್ಲಿ 278 ಎಂದರೆ ಸುಮಾರು 93 ಶೇಕಡಾ ಹೊರೆ. ಸರತಿಯ ಸೂತ್ರಕ್ಕೆ ಮರಳಿ: 93ನ್ನು 7ರಿಂದ ಭಾಗಿಸಿದರೆ 13. ಸಾಲದ ಯಂತ್ರ ತುಂಬಿ ಓಡಿದರೆ ಮಾತ್ರ ಕಂತು ಹುಟ್ಟುತ್ತದೆ, ತುಂಬಿ ಓಡಿದರೆ ಒಂದು ದಿನದ ಕೆಲಸ ಹದಿಮೂರು ದಿನ ಕಾಯುತ್ತದೆ. ಹೊರೆ ಹಗುರವಾಗಲೆಂದು ತಂದ ಯಂತ್ರವೇ ಹೊರೆ ಹುಡುಕಿಕೊಂಡು ಅಲೆಯುವಂತೆ ಮಾಡುತ್ತದೆ. ಕಂತು ತುಂಬಿಸಲು ಕಡಿಮೆ ದರದ ಕೆಲಸ ಹಿಡಿದು, ಒಳ್ಳೆಯ ದರದ ದುರಸ್ತಿ ಕೆಲಸವನ್ನು ಕಾಯಿಸಿ ಕಳೆದುಕೊಂಡ ಅನುಭವ ನಮ್ಮದು.

ಹಾಗಾದರೆ ಯಂತ್ರ ಯಾವಾಗ? ಗಿರಾಕಿ ಪ್ರಮಾಣವನ್ನು ಬರಹದಲ್ಲಿ ಒಪ್ಪಿಕೊಂಡಾಗ. ಮೂರು ವರ್ಷ ಅದೇ ಬಗೆಯ ಕೆಲಸ ಬೇರೆ ಬೇರೆ ಗಿರಾಕಿಗಳಿಂದ ಬಂದಾಗ. ಅಥವಾ ಆ ಕೆಲಸ ಜಿಲ್ಲೆಯಲ್ಲಿ ಎಲ್ಲೂ ಆಗದೆ, ಪ್ರತಿ ಬಾರಿ ಘಟ್ಟ ಹತ್ತಿ ಇಳಿಯುತ್ತಿದ್ದಾಗ. ಕೊಳ್ಳುವಾಗ ಈಗಿರುವ ಟೂಲ್ ಹೋಲ್ಡರ್‌ಗಳೇ ಹೊಂದುವ, ಹುಡುಗರಿಗೆ ಗೊತ್ತಿರುವ ಕಂಟ್ರೋಲರ್ ಇರುವ ಯಂತ್ರವನ್ನೇ ಆರಿಸಿ. ನಿಮ್ಮ ಫಿಕ್ಚರ್ ಹೊಂದದ, ನಿಮ್ಮ ಸರಪಳಿಗೆ ಸೇರದ ಯಂತ್ರ ಎಷ್ಟು ವೇಗದ್ದಾದರೂ ಒಂಟಿಯಾಗಿ ನಿಲ್ಲುತ್ತದೆ. ಮಂಜೂರಾದ ಲೋಡ್ ಸಾಲುತ್ತದೆಯೇ ಎಂದು ಮುಂಗಡ ಕೊಡುವ ಮೊದಲು ನೋಡಿಕೊಳ್ಳಿ.

ಇಳಿಸುವ ದಿನ

ಏರಿಸುವ ಬಗ್ಗೆ ಎಲ್ಲರೂ ಯೋಚಿಸುತ್ತಾರೆ, ಇಳಿಸುವುದನ್ನು ಆರ್ಡರ್ ನಿಂತ ಮೇಲೆ ಯೋಚಿಸುತ್ತಾರೆ. ನಾವು ಈಗ ಓವರ್‌ಟೈಮ್ ಶುರು ಮಾಡುವ ದಿನವೇ ಅದು ಮುಗಿಯುವ ದಿನಾಂಕವನ್ನು ಬೋರ್ಡ್ ಮೇಲೆ ಬರೆಯುತ್ತೇವೆ. ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿದ ಮೇಲೆ ಮೊದಲು ನಿಲ್ಲುವುದು ಓವರ್‌ಟೈಮ್. ಆಮೇಲೆ ಜಾಬ್ ವರ್ಕ್ ತಗ್ಗಿಸುತ್ತೇವೆ, ಪೂರ್ತಿ ನಿಲ್ಲಿಸುವುದಿಲ್ಲ. ತಿಂಗಳಿಗೊಂದು ಸಣ್ಣ ಕೆಲಸವಾದರೂ ಹೋಗುತ್ತಿದ್ದರೆ ಮುಂದಿನ ಮೇ ತಿಂಗಳಲ್ಲಿ ಆ ಬಾಗಿಲು ತೆರೆದಿರುತ್ತದೆ. ಕಲಿತ ಕೈಗಳನ್ನು ಮಾತ್ರ ಕಳೆದುಕೊಳ್ಳಬೇಡಿ. ಒಬ್ಬ ಸೆಟ್ಟರ್ ತಯಾರಾಗಲು ಹಿಡಿಯುವ ವರ್ಷಗಳ ಮುಂದೆ ಎರಡು ಸಡಿಲ ತಿಂಗಳ ಸಂಬಳ ದೊಡ್ಡದಲ್ಲ.

ಆ ಸಡಿಲ ತಿಂಗಳುಗಳಲ್ಲಿ ಸರಪಳಿಯ ಮುಂದಿನ ಕೊಂಡಿ ಕಲಿಸಿ, ಸ್ಪಿಂಡಲ್ ಮತ್ತು ಗೈಡ್‌ವೇ ಪರೀಕ್ಷೆ ಮಾಡಿಸಿ, ಮುಂದಿನ ವರ್ಷದ ಫಿಕ್ಚರ್‌ಗಳನ್ನು ಮಾಡಿಕೊಳ್ಳಿ. ಮೊದಲೇ ಮಾಡಿಟ್ಟ ಶಾಫ್ಟ್‌ಗಳನ್ನೂ ಫಿಕ್ಚರ್‌ಗಳನ್ನೂ ಸುಮ್ಮನೆ ರ‍್ಯಾಕ್‌ಗೆ ಏರಿಸಬೇಡಿ. ಪಣಂಬೂರಿನ ಉಪ್ಪುಗಾಳಿಗೆ ಮಳೆಯ ತೇವ ಸೇರಿದರೆ ಕೆಲವೇ ದಿನಗಳಲ್ಲಿ ಕಬ್ಬಿಣದ ಮೇಲೆ ಕೆಂಪು ಏರುತ್ತದೆ. ತುಕ್ಕುನಿರೋಧಕ ಎಣ್ಣೆ ಹಚ್ಚಿ, ಕಾಗದ ಸುತ್ತಿ, ಯಾವ ಕೆಲಸದ್ದು, ಯಾವ ಯಂತ್ರಕ್ಕೆ, ಯಾವ ಬೋಲ್ಟ್‌ಗಳು ಎಂದು ಬರೆದ ಚೀಟಿಯೊಂದಿಗೆ, ಆ ಬೋಲ್ಟ್‌ಗಳನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಿಡಿ.